ಹೊರಟವರ ಹಿಂದೆಯೇ ಬೆಡ್‌ಶೀಟ್ ಒಗೆಯಬಾರದು

ಅತ್ತೆ ವಿಮಾನ ಹತ್ತುವ ಮೊದಲೇ ಅವರ ಬೆಡ್‌ಶೀಟು ವಾಷಿಂಗ್ ಮೆಷಿನ್ ಹತ್ತಿತ್ತು.

ಹತ್ತಿಸಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವು ಬೈಯುವುದು ಇದ್ದೇ ಇದೆ.

ಆದದ್ದಿಷ್ಟು. ಹೋದ ವಾರ ಒಂದು ಮಧ್ಯಾಹ್ನ ನನ್ನ ಹೆಂಡತಿ ಸಂಧ್ಯಾ ಅವರಮ್ಮನನ್ನು ಏರ್‌ಪೋರ್ಟಿಗೆ ಬಿಡಲು ಹೊರಟಳು. ಕಾರು ನಮ್ಮ ಟೌನ್‌ಹೌಸ್ ಸಾಲಿನ ತಿರುವು ದಾಟುವವರೆಗೂ ನಾನು ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೈ ಬೀಸಿದೆ. ಮುಖದ ಮೇಲೆ ಸಂದರ್ಭಕ್ಕೆ ಬೇಕಾದಷ್ಟು ಬೇಜಾರಿತ್ತು. ಕಾರು ಮರೆಯಾದದ್ದೇ ತಡ, ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲಕ್ಕೆ ಓಡಿದೆ. ಐದೇ ನಿಮಿಷ. ಬೆಡ್‌ಶೀಟು, ದಿಂಬಿನ ಕವರು, ಕಂಫರ್ಟರ್ ಅನ್ನುವ ದಪ್ಪ ಹೊದಿಕೆಯ ಕವರು, ಎಲ್ಲವೂ ಮೆಷಿನ್ ಒಳಗೆ. ಬೆಡ್ಡಿಂಗ್ ಸೈಕಲ್, ಬಿಸಿನೀರು, ಎಕ್ಸ್‌ಟ್ರಾ ರಿನ್ಸ್.

ಊರಿಗೆ ಹೊರಟವರ ಹಿಂದೆಯೇ ಮನೆ ಗುಡಿಸಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಅವರು ಕ್ಷೇಮವಾಗಿ ತಲುಪುವವರೆಗಾದರೂ ಕಾಯಬೇಕು ಅಂತ ನಮ್ಮಲ್ಲಿ ಹೇಳುತ್ತಾರಲ್ಲ? ನನಗೂ ಗೊತ್ತು. ಮಂಡ್ಯದಲ್ಲಿ ಹುಟ್ಟಿ ಬೆಳೆದವನು ನಾನು. ಆದರೆ ಆ ಪಟ್ಟಿಯಲ್ಲಿ ವಾಷಿಂಗ್ ಮೆಷಿನ್ನಿನ ಹೆಸರು ಎಲ್ಲೂ ಇರಲಿಲ್ಲ. (ನಾನು ಲಾಯರ್ ಆಗಬೇಕಿತ್ತು.)

ಇಷ್ಟೊಂದು ಆತುರ ಯಾಕೆ ಅಂತೀರಾ? ಅದು ಅತ್ತೆಯ ರೂಮು ಆಗುವ ಮೊದಲು ನನ್ನ ಆಫೀಸಾಗಿತ್ತು. ಅವರು ಹಾಸನದಿಂದ ಸಮುದ್ರ ದಾಟಿ ಇಲ್ಲಿಗೆ ಬಂದು ಐದು ತಿಂಗಳು. ಆ ಐದು ತಿಂಗಳೂ ನಾನು ಕೆಲಸ ಮಾಡಿದ್ದು ನಮ್ಮ ಬೆಡ್‌ರೂಮಿನಲ್ಲಿ ಬಟ್ಟೆ ತೂಗುಹಾಕುವ ಕ್ಲಾಸೆಟ್ಟಿನಲ್ಲಿ, ಸಂಧ್ಯಾಳ ಸೀರೆಗಳ ನಡುವೆ ಒಂದು ಮಡಿಸುವ ಟೇಬಲ್ ಹಾಕಿಕೊಂಡು. ಒಂದು ಸಲ ಮೀಟಿಂಗಿನಲ್ಲಿ ನನ್ನ ಮ್ಯಾನೇಜರು, ನಿನ್ನ ಮನೆಯ ಕರ್ಟನ್ ಬಹಳ ಚೆನ್ನಾಗಿದೆ, ಎಲ್ಲಿ ತಗೊಂಡೆ ಅಂತ ಕೇಳಿದಳು. ಅದು ನಮ್ಮ ಮದುವೆಯ ಧಾರೆ ಸೀರೆ.

ಹಾಗಂತ ಅತ್ತೆಯ ಮೇಲೆ ದೂರು ಹೇಳೋಣವೆಂದರೆ ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸೈನ್ಸ್ ಪಾಠ ಮಾಡಿ ರಿಟೈರಾದವರು. ಮಾತು ಕಡಿಮೆ, ಕಣ್ಣು ಚುರುಕು. ನಾನು ಮೀಟಿಂಗಿನಲ್ಲಿದ್ದರೆ ಮಿಕ್ಸಿ ಹಾಕುತ್ತಿರಲಿಲ್ಲ. ಟೀವಿಯ ವಾಲ್ಯೂಮು ಅವರಿಗೇ ಕೇಳಿಸುತ್ತಿತ್ತೋ ಇಲ್ಲವೋ. ಇಂಥ ಅತಿಥಿಯ ಬಗ್ಗೆ ಯಾರ ಹತ್ತಿರ ಏನಂತ ಗೊಣಗುವುದು? ಅದೂ ಒಂದು ಕಷ್ಟವೇ.

ಇನ್ನು ಹಾಸಿಗೆ ಹೊದಿಕೆ ನಮ್ಮನೆಯಲ್ಲಿ ನನ್ನ ಡಿಪಾರ್ಟ್‌ಮೆಂಟು. ಅಡುಗೆಮನೆಯಲ್ಲಿ ನನಗೆ ಮರ್ಯಾದೆಯಿಲ್ಲ, ಲಾಂಡ್ರಿಯಲ್ಲಿ ನಾನೇ ರಾಜ. ವಾರಕ್ಕೊಮ್ಮೆ ಶೀಟು, ತಿಂಗಳಿಗೊಮ್ಮೆ ಹಾಸಿಗೆಯ ಪ್ರೊಟೆಕ್ಟರು. ಕಂಫರ್ಟರನ್ನು ಡ್ರೈಯರಿಗೆ ಹಾಕುವಾಗ ಜೊತೆಗೆ ಎರಡು ಟೆನಿಸ್ ಬಾಲು, ಒಳಗಿನ ಹತ್ತಿ ಗಂಟು ಕಟ್ಟಬಾರದು ನೋಡಿ. ದಿಂಬಿನ ಕವರಿನ ಎಣ್ಣೆ ಕಲೆಗೆ ಪಾತ್ರೆ ತೊಳೆಯುವ ಲಿಕ್ವಿಡ್ಡು, ಹತ್ತು ನಿಮಿಷ ಬಿಟ್ಟು ಉಜ್ಜಬೇಕು.

ಅತ್ತೆ ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರು. ಅವರ ದಿಂಬಿನ ಕವರನ್ನು ಪ್ರತಿ ಭಾನುವಾರ ಸಿಂಕಿನ ಮುಂದೆ ನಿಂತು ಉಜ್ಜುತ್ತಿದ್ದೆ. ಬಾಯಲ್ಲಿ ಒಂದು ಮಾತೂ ಆಡಿದವನಲ್ಲ. ಸ್ವಲ್ಪ ಜೋರಾಗಿ ಉಜ್ಜುತ್ತಿದ್ದೆ, ಅಷ್ಟೇ. ಮೂರನೇ ವಾರ ನೋಡಿದರೆ ಅವರ ದಿಂಬಿನ ಮೇಲೆ ಒಂದು ಹಳೇ ಟವೆಲ್ ಹಾಸಿತ್ತು. ಪರವಾಗಿಲ್ಲ, ಹೈಜೀನ್ ಅರ್ಥವಾಗಿದೆ ಅಂದುಕೊಂಡೆ. (ಬುದ್ಧಿವಂತಿಕೆ ಅಂದರೆ ಇದು.)

ಸರಿ, ಮೆಷಿನ್ ತಿರುಗುತ್ತಿದೆ. ನಾನು ಟೇಬಲ್ಲು, ದೊಡ್ಡ ಮಾನಿಟರು, ಕುರ್ಚಿ ಎಲ್ಲವನ್ನೂ ಕ್ಲಾಸೆಟ್ಟಿನಿಂದ ಎಳೆದು ತಂದು ಕಿಟಕಿಯ ಪಕ್ಕ ಜೋಡಿಸಿದೆ. ಐದು ತಿಂಗಳ ಮೇಲೆ ಬಿಸಿಲು ನೋಡಿದ ಸಂತೋಷಕ್ಕೆ ಒಂದು ಕಾಫಿ ಮಾಡಿಕೊಂಡು ಕುಳಿತೆ. ಸಂಧ್ಯಾಳ ಫೋನು ಬಂತು. ವಿಮಾನ ಕ್ಯಾನ್ಸಲ್ ಆಗಿದೆಯಂತೆ. ಎಂಜಿನ್ನಿನಲ್ಲಿ ಏನೋ ತೊಂದರೆ. ಇನ್ನು ನಾಡಿದ್ದೇ ಸೀಟು. ಫ್ರೀವೇ ಹತ್ತಿದ್ದೇವೆ, ನಲವತ್ತು ನಿಮಿಷದಲ್ಲಿ ಮನೆಯಲ್ಲಿರುತ್ತೇವೆ, ಅಮ್ಮನಿಗೆ ಒಂದು ಲೋಟ ಅನ್ನಕ್ಕಿಡಿ ಅಂದಳು.

ಕಾಫಿ ಅಲ್ಲೇ ಬಿಟ್ಟು ಓಡಿದೆ.

ಮೆಷಿನ್ ನಿಲ್ಲಿಸಿದೆ. ನೀರು ಇಳಿಯುವವರೆಗೂ ಬಾಗಿಲು ತೆರೆಯುವುದಿಲ್ಲವಂತೆ. ಗಾಜಿನ ಆ ಕಡೆ ಅತ್ತೆಯ ನೀಲಿ ಹೂವಿನ ಬೆಡ್‌ಶೀಟು ನನ್ನನ್ನೇ ನೋಡುತ್ತಿತ್ತು. ಬೇರೆ ಶೀಟು ಹುಡುಕಿದರೆ ಸಿಕ್ಕಿದ್ದು ಮಗಳು ಚಿಕ್ಕವಳಿದ್ದಾಗಿನ ಡೈನೋಸಾರ್ ಚಿತ್ರದ್ದು. ಅದು ಚಿಕ್ಕ ಮಂಚದ್ದು. ಒಂದು ಮೂಲೆ ಸಿಕ್ಕಿಸಿದರೆ ಇನ್ನೊಂದು ಮೂಲೆ ಎದ್ದು ಬರುತ್ತಿತ್ತು. ಹೇಗೋ ಎಳೆದು ಹಾಸಿದೆ. ಮಾನಿಟರನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಮತ್ತೆ ಸೀರೆಗಳ ನಡುವೆ ಇಟ್ಟೆ. ಅನ್ನಕ್ಕೂ ಇಟ್ಟೆ. ಕಾರಿನ ಸದ್ದಾದಾಗ ಬಾಗಿಲಲ್ಲಿ ನಿಂತು, ಮೈಯೆಲ್ಲಾ ಬೆವರಿಕೊಂಡು, ಛೇ ಛೇ ಹೀಗಾಗಬಾರದಿತ್ತು ಅಂದೆ. ಆ ದಿನ ನಾನು ಮನಸ್ಸಿನಿಂದ ಆಡಿದ ಮಾತು ಅದೊಂದೇ.

ಸಂಧ್ಯಾ ರೂಮಿನೊಳಗೆ ಹೋಗಿ, ಇದೇನ್ರೀ ಡೈನೋಸಾರು ಅಂತ ಕೇಳಿದಳು. ಕಾಫಿ ಚೆಲ್ಲಿಬಿಟ್ಟೆ ಅಂದೆ. ಖಾಲಿ ರೂಮಿನಲ್ಲಿ ಕಾಫಿ ಹಿಡಿದುಕೊಂಡು ಏನು ಮಾಡುತ್ತಿದ್ದಿರಿ ಅಂದಳು. ಅಮ್ಮ ಹೋದರಲ್ಲ ಅಂತ ಬೇಜಾರಾಗಿ ಸುಮ್ಮನೆ ಕೂತಿದ್ದೆ ಅಂದೆ. ನಂಬಿದಳು, ಪಾಪ. ಅತ್ತೆ ಮಾತ್ರ ನನ್ನ ಮುಖವನ್ನೊಮ್ಮೆ ನೋಡಿ, ಕೈಕಾಲು ತೊಳೆಯಲು ಹೋದರು. ಹತ್ತನೇ ಕ್ಲಾಸಿನ ಮಕ್ಕಳು ಹೋಮ್‌ವರ್ಕ್ ಮನೆಯಲ್ಲೇ ಮರೆತೆ ಅಂದಾಗ ನೋಡುತ್ತಿದ್ದದ್ದು ಹೀಗೆಯೇ ಇರಬೇಕು.

ಸಂಜೆ ಸಂಧ್ಯಾ ಮಗಳನ್ನು ಕರೆತರಲು ಹೋದಳು. ಮನೆಯಲ್ಲಿ ನಾವಿಬ್ಬರೇ. ಅತ್ತೆ ಕಾಫಿ ಲೋಟ ಕೆಳಗಿಟ್ಟರು.

"ರಘು, ಆ ಶೀಟ್ ನಾನು ನಿನ್ನೇನೇ ಒಗೆದು ಹಾಸಿದ್ದೆ. ರಾತ್ರಿ ಅದರ ಮೇಲೆ ಮಲಗ್ಲೂ ಇಲ್ಲ. ಕೆಳಗೆ ಶಾಲು ಹಾಸ್ಕೊಂಡೆ."

ಯಾಕತ್ತೆ ಅಂದೆ.

"ಎಣ್ಣೆ ಅಂಟಿದ್ರೆ ಮತ್ತೆ ನೀವೇ ಉಜ್ಜಬೇಕಲ್ಲ. ಹೋಗೋವಾಗ ನಿಮಗೆ ಕೆಲಸ ಬಿಟ್ಟು ಹೋಗೋದು ಬೇಡ ಅನ್ನಿಸ್ತು."

ಅಂದರೆ ನಾನು ಒಗೆದ ಶೀಟನ್ನೇ ಒಗೆದಿದ್ದೆ. ಎಕ್ಸ್‌ಟ್ರಾ ರಿನ್ಸ್ ಸಮೇತ. ಲಾಂಡ್ರಿಯ ರಾಜನಿಗೆ ತೊಳೆದ ಬಟ್ಟೆಗೂ ಕೊಳೆ ಬಟ್ಟೆಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ಕಾಫಿ ಚೆಲ್ಲಿತ್ತಲ್ಲ ಅತ್ತೆ ಅಂತ ಶುರು ಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು. ಏರ್‌ಪೋರ್ಟಿಗೆ ಹೋಗುವಾಗ ಕಾರಿನಲ್ಲಿ ಸಂಧ್ಯಾಳ ಫೋನು ಅವರ ಕೈಯಲ್ಲಿತ್ತಂತೆ. ವಿಮಾನದ ಮೆಸೇಜಿಗೆ ಕಾಯುತ್ತಿದ್ದರಂತೆ. ಅದಕ್ಕಿಂತ ಮೊದಲು ನಮ್ಮ ವಾಷಿಂಗ್ ಮೆಷಿನ್ನಿನ ಮೆಸೇಜ್ ಬಂತಂತೆ, ಬೆಡ್ಡಿಂಗ್ ಸೈಕಲ್ ಶುರುವಾಗಿದೆ ಅಂತ.

ಮೆಷಿನ್ನಿನ ಆ ಆ್ಯಪನ್ನು ಹೆಂಡತಿಯ ಫೋನಿಗೆ ಹಾಕಿಕೊಟ್ಟವನು ನಾನೇ. ಒಗೆಯುವುದು ನಾನಾದರೆ ಮಡಿಸಲಾದರೂ ಬರಲಿ ಅಂತ. ಮಾಡಿದ್ದುಣ್ಣೋ ಮಹರಾಯ.

"ಸಂಧ್ಯಾಗೆ ತೋರಿಸಲಿಲ್ಲ. ಅಳಿಸಿಬಿಟ್ಟೆ" ಅಂದರು ಅತ್ತೆ.

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅತ್ತಿದ್ದರೆ ಕಾಲಿಗೆ ಬೀಳಬಹುದಿತ್ತು. ಇದಕ್ಕೆ ಏನು ಮಾಡುವುದು? ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಗಂಡಸಿನ ಬುದ್ಧಿ ನೋಡಿ, ಸುಮ್ಮನಿರಲಿಲ್ಲ. ನೀವು ಸೈನ್ಸ್ ಟೀಚರು, ಈ ಗುಡಿಸಬಾರದು ಒಗೆಯಬಾರದು ಅನ್ನುವುದನ್ನೆಲ್ಲ ನಂಬುತ್ತೀರಾ ಅಂತ ಕೇಳಿದೆ.

ಒಗೆದರೆ ವಿಮಾನ ಕೆಡುತ್ತದೆ ಅಂತ ತಾನು ಯಾವ ಮಕ್ಕಳಿಗೂ ಪಾಠ ಮಾಡಿಲ್ಲ ಅಂದರು ಅತ್ತೆ. ಆಮೇಲೆ, "ಆದ್ರೆ ಹೊರಟವರು ಒಂದೊಂದ್ಸಲ ವಾಪಸ್ ಬರ್ತಾರೆ ನೋಡಿ. ಬಸ್ ತಪ್ಪತ್ತೆ, ಕನ್ನಡಕ ಮರ್ತಿರ್ತಾರೆ. ಬಂದಾಗ ಅವರ ಜಾಗ ಆಗಲೇ ಖಾಲಿ ಆಗಿರಬಾರದು. ಅಷ್ಟಕ್ಕೇ ಮಾಡಿರೋದು ಅದು" ಅಂದರು.

ಇಷ್ಟು ವರ್ಷ ನಾನು ಅದನ್ನು ಹೋದವರ ಕ್ಷೇಮಕ್ಕೆ ಮಾಡಿದ ಶಾಸ್ತ್ರ ಅಂದುಕೊಂಡಿದ್ದೆ. ಉಳಿದವರ ಮರ್ಯಾದೆಗೆ ಮಾಡಿದ್ದು ಅಂತ ಗೊತ್ತಾಗಲು ಒಂದು ವಿಮಾನವೇ ಕೆಡಬೇಕಾಯಿತು.

ಅವತ್ತೇ ನೀಲಿ ಶೀಟನ್ನು ಒಣಗಿಸಿ, ಕೈಯಾರೆ ಹಾಸಿದೆ. ದಿಂಬಿನ ಮೇಲೆ ಹಾಸುವ ಟವೆಲನ್ನು ತೆಗೆದಿಟ್ಟೆ. ಎಣ್ಣೆ ಅಂಟಿದರೆ ಅಂಟಲಿ ಅತ್ತೆ, ಎಷ್ಟು ಬೇಕಾದರೂ ಅಂಟಲಿ, ದಯವಿಟ್ಟು ಮಂಚದ ಮೇಲೆಯೇ ಮಲಗಿ ಅಂತ ಕೈ ಮುಗಿದೆ. ಆಯ್ತು ಅಂತ ನಕ್ಕರು. ಆ ನಗು ನೋಡಿ, ಬಚಾವಾದೆ ಅಂದುಕೊಂಡೆ. ಎರಡು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮೂರನೇ ದಿನ ಅತ್ತೆ ನಿಜವಾಗಿ ಹೊರಟರು. ಈ ಸಲ ವಿಮಾನವೂ ಹೊರಟಿತು. ನಾನು ಆ ರೂಮಿನ ಬಾಗಿಲನ್ನೇ ತೆರೆಯಲಿಲ್ಲ. ಮರುದಿನ ಕ್ಲಾಸೆಟ್ಟಿನಲ್ಲೇ ಮೀಟಿಂಗ್ ಮುಗಿಸಿದೆ. ರೂಮ್ ಖಾಲಿ ಇದೆಯಲ್ರೀ, ಇನ್ನೂ ಯಾಕೆ ಇಲ್ಲೇ ಕೂತಿದ್ದೀರಿ ಅಂದಳು ಸಂಧ್ಯಾ. ಅಭ್ಯಾಸವಾಗಿಬಿಟ್ಟಿದೆ ಅಂದೆ. (ಭಾನುವಾರದ ಪತ್ರಿಕೆಯಲ್ಲಿ ಇದನ್ನು ಓದಿದ ಮೇಲೆ ಅವಳು ಏನನ್ನುತ್ತಾಳೋ, ಅದು ನನಗೂ ದೇವರಿಗೂ ಬಿಟ್ಟ ವಿಷಯ.) ಫೋನಿನಲ್ಲಿ ಪುಟ್ಟ ವಿಮಾನದ ಚಿತ್ರವೊಂದು ಸಮುದ್ರ ದಾಟುವುದನ್ನು ಗಳಿಗೆಗೊಮ್ಮೆ ನೋಡುತ್ತಿದ್ದೆ.

ಕೊನೆಗೂ ಅತ್ತೆಯ ಮೆಸೇಜ್ ಬಂತು. ನನಗೊಬ್ಬನಿಗೇ ಬರೆದಿದ್ದರು: "ಮನೆ ತಲುಪಿದೆ. ಇನ್ನು ಮೆಷಿನ್ ಹಾಕಬಹುದು."

ನಗುತ್ತಲೇ ಎದ್ದು ರೂಮಿಗೆ ಹೋದೆ. ನಾನು ಹಾಸಿದ್ದ ನೀಲಿ ಶೀಟು ಹಾಸಿದಂತೆಯೇ ಇತ್ತು. ನಾಲ್ಕು ಮೂಲೆಯೂ ನಾನು ಸಿಕ್ಕಿಸಿದ ಹಾಗೆಯೇ ಇದ್ದವು. ಒಂದು ಸುಕ್ಕಿಲ್ಲ, ಒಂದು ಕೂದಲಿಲ್ಲ. ದಿಂಬನ್ನು ಎತ್ತಿ ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆಯೇ ಇರಲಿಲ್ಲ, ಬರೀ ಸೋಪಿನದು.

ಈಗ ನಾನು ಏನನ್ನು ಒಗೆಯಲಿ, ಹೇಳಿ?