ಭೋಪಾಲಿನಲ್ಲಿ ಬರೆದ ಅಜ್ಜಿಯ ಕಥೆ

ಭೋಪಾಲಿನಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮನೆಯೊಡತಿ ನನ್ನ ಕೊರಳಿನ ಬೆಳ್ಳಿ ಕರಡಿಗೆಯನ್ನು ಬೆರಳಿನಿಂದ ತಟ್ಟಿ, "ಯೇ ತಾವೀಜ್ ಹೈ ಕ್ಯಾ?" ಎಂದರು. ತಾವೀಜ್ ಎಂದರೆ ತಾಯಿತ. ಒಳಗಿರುವುದು ಇಷ್ಟಲಿಂಗ, ಸತ್ತರೂ ನಮ್ಮ ಜೊತೆಗೇ ಬರುತ್ತದೆ ಎಂದು ಹೇಳುವಷ್ಟು ಹಿಂದಿ ನನಗಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಮನೆ ಸಿಕ್ಕಿತು.

ರೈಲ್ವೆ ಕೆಲಸಕ್ಕೆಂದು ಬೀರೂರು ಬಿಟ್ಟವಳು ನಾನು. ಅಲ್ಲಿ ಬೆಳಿಗ್ಗೆ ರಾಗಿ ರೊಟ್ಟಿ. ಇಲ್ಲಿ ಪೋಹಾ, ಅಂದರೆ ನಮ್ಮ ಅವಲಕ್ಕಿಯೇ. ಸಾಲದ್ದಕ್ಕೆ ಜೊತೆಗೆ ಜಿಲೇಬಿ. ಅಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಯಾರ ಮನೆಯವಳೆಂದು ವಿಚಾರಿಸುತ್ತಾರೆ. ಇಲ್ಲಿ ಐದು ವರ್ಷವಾದರೂ ನಾನು 'ಮದ್ರಾಸಿ ಮೇಡಂ'. ಹಟಕ್ಕೆ ಬಿದ್ದು ಹಿಂದಿ ಕಲಿತೆ, ಕಥೆ ಬರೆಯುವವರ ಭಾನುವಾರದ ಕೂಟಕ್ಕೂ ಸೇರಿಕೊಂಡೆ.

ಬೀರೂರಿನ ಹತ್ತಿರದ ಶಿವನಿಯಲ್ಲಿ ಅಜ್ಜಿ ತೀರಿಕೊಂಡಾಗ ನಾನು ರೈಲು ಹಿಡಿದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಮಾಧಿಯೊಳಗೆ ಅವಳನ್ನು ಹೇಗೆ ಕೂರಿಸಿದರು, ಎಡಗೈಯಲ್ಲಿ ಲಿಂಗ ಹೇಗಿಟ್ಟರು, ವಿಭೂತಿ, ಬಿಲ್ವಪತ್ರೆ, ಒಂದೊಂದನ್ನೂ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದಳು.

"ನೀನೇ ನೋಡ್ದಂಗಾಯ್ತು, ಅಳ್ಬೇಡ ಕಣೇ."

ಅದನ್ನೇ ಹಿಂದಿಯಲ್ಲಿ ಕಥೆ ಮಾಡಿ ಇಲ್ಲಿನ ಪತ್ರಿಕೆಯೊಂದಕ್ಕೆ ಕಳಿಸಿದೆ.

ಕೂಟದವರಿಗೆ ಈಗಿನ ಕಥೆಗಳಲ್ಲಿ ಸಂಸ್ಕೃತಿ ಇರಬೇಕು, ಬೇರು ಇರಬೇಕು. ಬೇರಿಗೆ ಮಣ್ಣು ಮಾತ್ರ ಮೆತ್ತಿರಬಾರದು! ಪತ್ರಿಕೆಯ ಸಂಪಾದಕರು ಫೋನಿನಲ್ಲಿ, "ಕೂರಿಸಿ ಹೂಳುವುದೆಂದರೆ ನಮ್ಮ ಓದುಗರಿಗೆ ಗೊಂದಲ. ಚಿತೆ ಮಾಡಿಬಿಡಿ, ಒಂದೇ ಪ್ಯಾರಾ ತಾನೆ?" ಎಂದರು. ಹೆಸರು ಅಚ್ಚಾಗುವ ಆಸೆ. ಮಾಡಿಬಿಟ್ಟೆ. ಮನೆಯೊಡತಿ ಓದಿ ಕಣ್ಣೊರೆಸಿಕೊಂಡರು. "ಈಗ ನೀನು ನಮ್ಮವಳೇ" ಎಂದು ಮೊದಲ ಸಲ ಅಡುಗೆಮನೆಯೊಳಗೆ ಕರೆದು ಪಾಯಸ ಕೊಟ್ಟರು.

ಆ ಜಂಬದಲ್ಲೇ ಪತ್ರಿಕೆಯನ್ನು ಶಿವನಿಗೂ ಕಳಿಸಿದೆ. ತರೀಕೆರೆಯಲ್ಲಿ ಹಿಂದಿ ಕಲಿಸುವ ಚಿಕ್ಕಮ್ಮನ ಮಗಳು ಕನ್ನಡದಲ್ಲಿ ಹೇಳುತ್ತಾ ಓದಿದಳಂತೆ. ಅವತ್ತೇ ಸಂಜೆ ಚಿಕ್ಕಮ್ಮನ ಫೋನು ಬಂತು.

"ಅದು ನಮ್ಮವ್ವನೇ ತಾನೇ?"

"ಕಥೆ ಅಲ್ವಾ ಚಿಕ್ಕಮ್ಮ, ಹೆಸರೂ ಬೇರೆ..."

"ಹೆಸ್ರು ಕಟ್ಕೊಂಡು ಏನಾಗ್ಬೇಕು? ಕೂರ್ಸಿ ಕಳ್ಸಿದ್ವಿ ಕಣೇ ಅವ್ವನ್ನ. ಲಿಂಗದ ಸಮೇತ ಸುಟ್ಬಿಟ್ಯಲ್ಲೇ ನೀನು."

ಫೋನು ಇಟ್ಟುಬಿಟ್ಟಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕರಡಿಗೆ ಮುಟ್ಟಿಕೊಳ್ಳಲೂ ನಾಚಿಕೆ.

ಈ ಊರಿನಲ್ಲಿ ನಾನು ಸತ್ತರೆ, ಕೂರಿಸಬೇಕೆಂದು ಗೊತ್ತಿರುವವರು ಯಾರೂ ಇಲ್ಲ. ಗೊತ್ತಿರುವ ಚಿಕ್ಕಮ್ಮ ನನ್ನ ಫೋನು ಎತ್ತುತ್ತಿಲ್ಲ.