ಹುಳದ ಗಾಡಿಯ ಗೌರಕ್ಕ

ಗೌರಕ್ಕ ಯಾರನ್ನೂ ಮೂಸಿ ನೋಡದೆ ತನ್ನ ಗಾಡಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲ. ನಮ್ಮೂರ ಕಾಲುದಾರಿ ದೊಡ್ಡ ರಸ್ತೆಗೆ ಸೇರುವ ಹ್ಯಾಂಡ್‌ಪೋಸ್ಟಿನಲ್ಲಿ ನಿಲ್ಲಿಸಿ, ಗಾಜು ಇಳಿಸಿ, ಮೂಗನ್ನು ಮುಂದಕ್ಕೆ ಚಾಚುವಳು. ಕೆಲಸಕ್ಕೆ ಹೊರಟ ನಾವು ಒಬ್ಬೊಬ್ಬರಾಗಿ ಆ ಮೂಗಿನ ಮುಂದೆ ಹಾಯಬೇಕು. ಸೆಂಟು ಹೊಡೆದವರು, ಬೀಡಿ ಸೇದಿದವರು, ಸೊಳ್ಳೆಬತ್ತಿ ಹಚ್ಚಿ ಮಲಗಿದವರು ಯಾರೂ ಪಾಸಾಗುತ್ತಿರಲಿಲ್ಲ.

"ಏನಮ್ಮಿ ಅದು, ಕುತ್ಗೆಗೆ ಬಳ್ಕಂಡಿರೋದು?"

"ಪೌಡರ್ ಗೌರಕ್ಕ."

"ಅದೇನ್ ಪೌಡ್ರೋ, ಮೂಗು ಕಿತ್ಕಂಡ್ ಹೋಯ್ತದೆ. ನೀನು ಬಸ್ಸಲ್ಲಿ ಬಾ. ಕಂಡಕ್ಟ್ರು ಖುಷಿ ಪಡ್ತಾನೆ."

ಇದು ಜಂಬವಲ್ಲ, ಕಸುಬು. ಅವಳದು ಚಾಕಿ ಕೇಂದ್ರ. ರೇಷ್ಮೆಹುಳು ಮೊಟ್ಟೆಯೊಡೆದಾಗಿನಿಂದ ಎರಡನೆಯ ಜ್ವರದವರೆಗೆ ಸಾಕಿ, ಆಮೇಲೆ ಬೆಳೆಗಾರರ ಮನೆಗೆ ಮುಟ್ಟಿಸಬೇಕು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು ಅಲುಗದೆ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲೇ, ತಂಪು ಇರುವಾಗಲೇ ಸಾಗಿಸಬೇಕು. ಹೊಗೆ, ಘಾಟು, ಕುಲುಕಾಟ ಯಾವುದೂ ಆಗದು, ಹಿಂದಿನ ದಿನ ಗಾಡಿಯಲ್ಲಿ ಉಳಿದ ವಾಸನೆಯೂ ಆಗದು. ಮೊದಲು ಬಾಡಿಗೆ ಟೆಂಪೊ ಇತ್ತು. ಅದರ ಡ್ರೈವರ್ ಬೀಡಿ ಬಿಡಲಿಲ್ಲ, ಟೆಂಪೊ ಹೊಗೆ ಬಿಡುವುದನ್ನು ಬಿಡಲಿಲ್ಲ. ಕೊನೆಗೆ ಗೌರಕ್ಕ ಕರೆಂಟಿನಲ್ಲಿ ಓಡುವ ದೊಡ್ಡ ಕಾರೊಂದನ್ನು ತಂದಳು. ಸುತ್ತಲ ಹಳ್ಳಿಗಳಲ್ಲಿ ಕಾರ್ಖಾನೆಗೆ ಜಮೀನು ಕೊಟ್ಟವರು ದೊಡ್ಡ ಕಾರು ತಂದು ಮದುವೆ ಮನೆಗಳ ಮುಂದೆ ನಿಲ್ಲಿಸುತ್ತಿದ್ದ ಕಾಲ. ಹುಳುವಿಗೆಂದು ಕಾರು ತಂದವಳು ಇವಳೊಬ್ಬಳೇ.

ಕಾರಿನ ಬಣ್ಣ ಬಿಳಿ ಎಂದು ಬರೆಯಲು ಹೊರಟಿದ್ದೆ. ಬೂದಿ ಬಣ್ಣ ಎನ್ನುತ್ತಾಳೆ ನನ್ನ ಗೆಳತಿ ಮಂಜುಳ. ಆ ರಸ್ತೆಯ ಧೂಳಿನಲ್ಲಿ ಇಬ್ಬರೂ ಸರಿಯಿರಬಹುದು, ಬಣ್ಣ ಬಿಟ್ಟುಬಿಡುತ್ತೇನೆ. ಶೋರೂಮಿನ ಮಾತು ಮಾತ್ರ ಗೌರಕ್ಕನೇ ನೂರು ಸಲ ಹೇಳಿದ್ದು, ಹೇಳಿದಾಗಲೆಲ್ಲ ಒಸಿ ಬೇರೆಯಾಗುತ್ತಿತ್ತು.

"ಐದು ಜನ ಆರಾಮಾಗಿ ಕೂರಬೌದು ಮೇಡಂ ಅಂದ ಅವ್ನು. ಜನ ಬುಡಪ್ಪ, ಹುಳ ಎಷ್ಟ್ ಕೂರ್ತವೆ ಅದ್ ಹೇಳು ಅಂದೆ. ಪಾಪ, ಒಳಕ್ಕೋಗಿ ಮ್ಯಾನೇಜರ್‌ನ ಕರ್ಕಂಬಂದ."

ಕಾರು ಬಂದ ವಾರದಲ್ಲೇ ಹಿಂದಿನ ಸೀಟು ಬಿಚ್ಚಿಸಿದಳು. ಅಲ್ಲಿ ಚಾಕಿ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ, ಮಿಕ್ಕಿದ್ದ ಸೀಟ್‌ಬೆಲ್ಟುಗಳನ್ನು ಅವುಗಳ ಸುತ್ತ ಎಳೆದು, ಸಾಲದ್ದಕ್ಕೆ ಹಳೆಯ ಸೀರೆ ಸುತ್ತಿ ಬಿಗಿಯುತ್ತಿದ್ದಳು. ಬಿಚ್ಚಿದ ಸೀಟು ಮನೆಯ ಜಗಲಿ ಸೇರಿತು. ಅದರ ಮೇಲೆ ಅವಳ ಗಂಡ ಮಾದೇವಣ್ಣ ಕಾಲು ಚಾಚಿ ಕೂತು ಬಂದವರಿಗೆಲ್ಲ, "ಬನ್ನಿ, ಕಾರಲ್ ಕೂತ್ಕಳಿ" ಎನ್ನುತ್ತಿದ್ದ. ಆ ಕಾರಿನಲ್ಲಿ ಅವನಿಗೆ ಸಿಕ್ಕಿದ್ದು ಅಷ್ಟೇ ಎಂದು ಊರು ಆಡಿಕೊಂಡಿತು.

ಬೆಳಗಿನ ಜಾವ ಕನಕಪುರದ ಕಡೆಯ ಹಳ್ಳಿಗಳಿಗೆ ಹುಳು ಮುಟ್ಟಿಸಿ ಹಿಂದಿರುಗುವಾಗ ಗಾಡಿ ಖಾಲಿ. ಹ್ಯಾಂಡ್‌ಪೋಸ್ಟಿನಲ್ಲಿ ಹಾರೋಹಳ್ಳಿಯ ಕಾರ್ಖಾನೆಗಳಿಗೆ ಹೊರಟ ನಾವು. ತುಂಬಿ ಬಂದ ಬಸ್ಸು ನಮ್ಮನ್ನು ನೋಡಿ ವೇಗ ಹೆಚ್ಚಿಸುತ್ತಿತ್ತು. ರಸ್ತೆ ಬದಿಯಲ್ಲಿ ನಿಂತ ಹೆಂಗಸರನ್ನು ಬಿಟ್ಟುಹೋಗುವುದು ಗೌರಕ್ಕನಿಂದ ಆಗುತ್ತಿರಲಿಲ್ಲ. ಮೂಗಿಗೆ ಪಾಸಾದವರನ್ನೆಲ್ಲ ತುಂಬಿಕೊಳ್ಳುವಳು. ಹಿಂದೆ ಹಾಸಿದ ಚಾಪೆಯ ಮೇಲೆ ನಾವು ಮಂಡಿಗೆ ಮಂಡಿ ತಾಗಿಸಿ, ಡಬ್ಬಿ ಮಡಿಲಲ್ಲಿಟ್ಟು ಕೂರುವುದು. ಹಿಡಿದುಕೊಳ್ಳಲು ಒಬ್ಬರಿಗೊಬ್ಬರು.

ಮಾದೇವಣ್ಣ ಒಂದು ದಿನ ನಮ್ಮೆದುರೇ ಕೇಳಿದ, "ಲೇ, ಆರ್‌ಟಿಓದವ್ರು ಹಿಡಿದ್ರೆ ಏನಂತೀಯೆ? ಅದು ಹಾಳಾಗೋಗ್ಲಿ, ಯಾರಾದ್ರೂ ಬಿದ್ದು ಗಿದ್ದು ಮಾಡ್ಕಂಡ್ರೆ?"

"ಬಸ್ಸಲ್ಲಿ ಕಂಬಿ ಹಿಡ್ಕಂಡ್ ನೇತಾಡ್ತವಲ್ಲ, ಅಲ್ಲೇನ್ ಬೆಲ್ಟ್ ಕಟ್ತಾರಾ? ಇಲ್ಲಿ ಕೂತಿರೋರು ಎಲ್ಲಿಗ್ ಬಿದ್ದಾರು? ನೆಲದ ಮ್ಯಾಲೇ ಅವ್ರೆ."

ಈ ತರ್ಕಕ್ಕೆ ನಾವೆಲ್ಲ ನಕ್ಕೆವು. ಅದರಲ್ಲಿ ಒಂದು ತಪ್ಪಿತ್ತು. ಹುಳು ಹೊತ್ತಾಗ ಗೌರಕ್ಕ ಎಮ್ಮೆಗಳನ್ನೂ ಮುಂದೆ ಹೋಗಲು ಬಿಟ್ಟು ನಡೆಸುತ್ತಿದ್ದಳು. ಹಂಪ್ ಬಂದರೆ ಗಾಡಿ ತವರಿಗೆ ಬಂದ ಬಾಣಂತಿಯ ಹಾಗೆ ಇಳಿಯುತ್ತಿತ್ತು. ನಾವು ಕೂತ ಮೇಲೆ, "ಹುಳ ಇಳಿದ್ವು, ಇನ್ನೇನ್ ಭಯ" ಎಂದು ಬಿಡುತ್ತಿದ್ದಳು ನೋಡಿ, ಸದ್ದೇ ಇಲ್ಲದ ಆ ಗಾಡಿ ಬಾಣ. ಕಟ್ಟು, ನಿಧಾನ, ಎಚ್ಚರವೆಲ್ಲ ಟ್ರೇಗಳಿಗೆ, ವೇಗ ನಮಗೆ. ಹಾಗೆಂದು ನಮಗೂ ಆಗ ಹೊಳೆದಿರಲಿಲ್ಲ. ಗೇಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದೆವು, ಹೊಗಳುತ್ತಿದ್ದೆವು.

ಒಂದು ಬೆಳಗ್ಗೆ ಗಾಡಿಗೆ ಅಡ್ಡ ಬಂದದ್ದು ಲಾರಿ ಎಂದು ನನ್ನ ನೆನಪು. ಎಮ್ಮೆ ಎಂದು ಮಂಜುಳನ ನೆನಪು. ಗೌರಕ್ಕ ಕೇಳಿದವರಿಗೆಲ್ಲ ಬೇರೆ ಬೇರೆ ಹೇಳಿದಳು. ಬ್ರೇಕ್ ಬಿದ್ದದ್ದರ ಬಗ್ಗೆ ಮಾತ್ರ ತಕರಾರಿಲ್ಲ. ಚಾಪೆಯ ಸಮೇತ ನಾವೆಲ್ಲ ಮುಂದಕ್ಕೆ ಜಾರಿ, ಮುಂದಿನ ಸೀಟುಗಳ ಬೆನ್ನಿಗೆ ಬಡಿದು, ಒಬ್ಬರ ಮೇಲೊಬ್ಬರು ರಾಶಿಯಾದೆವು. ಯಾರದೋ ಡಬ್ಬಿಯ ಚಿತ್ರಾನ್ನ ನನ್ನ ತಲೆ ತುಂಬ. ಆ ರಾಶಿಯ ತಳದಲ್ಲಿ ಮಂಜುಳ ಇದ್ದಳು. ಅವಳು ಬಸುರಿ. ನಾವು ಸರಿದು ಕೊಟ್ಟ ಜಾಗದಲ್ಲಿ ಕಾಲು ಚಾಚಬಹುದೆಂದು, ಮುಂದಿನ ಸೀಟು ಬಿಟ್ಟು ಚಾಪೆಯ ಮೇಲೆ ಕೂತವಳು.

ಎಬ್ಬಿಸಿದಾಗ ಮಂಜುಳ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಗೌರಕ್ಕ ಕೆಳಗಿಳಿದು, ಹಿಂದಿನ ಬಾಗಿಲು ತೆಗೆದು, ಅವಳನ್ನು ಮುಂದಿನ ಸೀಟಿಗೆ ಕರೆತಂದು ಕೂರಿಸಿದಳು. ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಕೆಳಕ್ಕೆ ಸರಿಸಿ ಹಾಕಿದಳು. ಉಳಿದವರನ್ನು ಅಲ್ಲೇ ಇಳಿಸಿ, ಹಿಂದೆ ನನ್ನೊಬ್ಬಳನ್ನು ಇಟ್ಟುಕೊಂಡು ಕನಕಪುರದ ಆಸ್ಪತ್ರೆಯ ಕಡೆ ಗಾಡಿ ತಿರುಗಿಸಿದಳು. ದಾರಿಯುದ್ದಕ್ಕೂ ಹುಳು ಹೊತ್ತಾಗಿನ ನಡಿಗೆ.

ಡಾಕ್ಟರಮ್ಮ ಸ್ಕ್ಯಾನ್ ಮಾಡಿಸುವವರೆಗೆ ಗೌರಕ್ಕ ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಯಾರೋ ಮೈತುಂಬ ಸೆಂಟು ಹೊಡೆದುಕೊಂಡು ಕೂತಿದ್ದರು, ಅವಳು ಮೂಗು ಎತ್ತಲಿಲ್ಲ. ಮಗುವಿಗೆ ಏನೂ ಆಗಿಲ್ಲ, ಮೊಣಕೈ ತರಚಿದೆ ಅಷ್ಟೆ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಮಂಜುಳ ಹೊರಗೆ ಬಂದಳು. ಬಂದವಳು ನಗುತ್ತಲೇ ಕೇಳಿದಳು:

"ನಾನು ಹುಳ ಆಗಿದ್ರೆ ನನ್ನೂ ಕಟ್ಟಾಕಿರ್ತಿದ್ದೆ, ಅಲ್ವಾ ಗೌರಕ್ಕ?"

ತಮಾಷೆಗೆ ಅಂದದ್ದು. ಗೌರಕ್ಕ ಸೆರಗಿನಿಂದ ಮಂಜುಳನ ಮೊಣಕೈಯ ಧೂಳು ಒರೆಸಿ, "ಹೂಂ ಕಣಮ್ಮಿ, ಕಟ್ಟಾಕಿರ್ತಿದ್ದೆ" ಎಂದಳು.

ಮಾರನೆಯ ದಿನ ಮಾದೇವಣ್ಣನನ್ನು ಸೀಟಿನಿಂದ ಎಬ್ಬಿಸಲಾಯಿತು. "ಎದ್ದೇಳಯ್ಯ, ಸೀಟ್ ಬೇಕು." ಅವನು ಕಾಫಿ ಲೋಟದ ಸಮೇತ ಎದ್ದು, "ಮದ್ವೆ ಆದಾಗಿಂದ ಇವತ್ತೇ ನನ್ ಮಾತ್ ಕೇಳಿದ್ದು. ನನ್ ಕೂರೋ ಜಾಗಾನೇ ಹೋಯ್ತು" ಎಂದ. ಸೀಟು ಗಾಡಿಗೆ ಮರಳಿತು, ಬೋಲ್ಟು ಬಿಗಿಯಾಯಿತು, ಮತ್ತೆ ಬಿಚ್ಚಲಿಲ್ಲ. ಟ್ರೇಗಳು ಡಿಕ್ಕಿಯಲ್ಲಿ ಕೆಲವು, ಸೀಟಿನ ಮೇಲೆ ಕೆಲವು. ಒಂದೇ ಸಲ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎರಡು ಸಲ ಓಡಬೇಕು. ಬಿಸಿಲೇರುವ ಮುಂಚೆ ಹುಳು ಮುಟ್ಟಬೇಕಾದ್ದರಿಂದ ಅವಳು ಇನ್ನೂ ಬೇಗ ಏಳತೊಡಗಿದಳು.

ಜನರ ಲೆಕ್ಕವೂ ಬದಲಾಯಿತು. ಬೆಲ್ಟ್ ಎಷ್ಟಿದೆಯೋ ಅಷ್ಟೇ ಜನ. ಹ್ಯಾಂಡ್‌ಪೋಸ್ಟಿನಲ್ಲಿ ಉಳಿದವರಿಗೆ, "ಇವ್ರನ್ ಇಳ್ಸಿ ಬತ್ತೀನಿ, ನಿಂತಿರಿ" ಎಂದು ಹೇಳಿ ಹೋಗುವಳು. ಹೇಳಿದ ಮೇಲೆ ಬರುವಳು. ಕಾರ್ಖಾನೆಗೆ ನಾವು ತಡವಾಗಿ ಮುಟ್ಟುವುದು ಶುರುವಾಯಿತು, ಯಾಕೆಂದರೆ ನಮ್ಮನ್ನು ಕೂರಿಸಿಕೊಂಡೂ ಅವಳು ಎಮ್ಮೆಗಳನ್ನು ಮುಂದೆ ಬಿಡುತ್ತಿದ್ದಳು. ಒಂದು ದಿನ ಗೇಟಿನಲ್ಲಿ ಸೂಪರ್‌ವೈಸರ್ ತಡೆದಾಗ ಗೌರಕ್ಕ ಗಾಜು ಇಳಿಸಿದಳು.

"ಏನ್ ಸಾರ್, ಜೀವ ತಂದಿವ್ನಿ. ಒಸಿ ತಡ ಆಗ್ತದೆ."

"ನಾಳೆಯಿಂದ ಬೇಗ ಕರ್ಕೊಂಡ್ ಬನ್ನಿ ಅಮ್ಮ."

"ನೀವು ಶಿಫ್ಟ್‌ನೇ ಒಸಿ ಲೇಟಾಗಿ ಮಡಗಿ."

ಅವನು ನಕ್ಕು ಬಿಟ್ಟುಕೊಟ್ಟ ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ. ಆದರೆ ಆ ದಿನ ನಮಗೆ ಅರ್ಧ ದಿನದ ಗೈರುಹಾಜರಿ ಹಾಕಿದರು. ಕೆಲವರು ಬಸ್ಸಿಗೆ ಮರಳಿದರು. ಗೌರಕ್ಕ ಅವರನ್ನು ಬೈಯಲಿಲ್ಲ, ವೇಗವನ್ನೂ ಹೆಚ್ಚಿಸಲಿಲ್ಲ.

ಮಂಜುಳನಿಗೆ ಹೆಣ್ಣು ಮಗು ಹುಟ್ಟಿತು. ನೋಡಲು ಹೋದ ಗೌರಕ್ಕ ಮಗುವನ್ನು ಎತ್ತಿಕೊಳ್ಳದೆ ಬಹಳ ಹೊತ್ತು ಬರಿದೇ ನೋಡಿದಳಂತೆ. ಇದು ಮಂಜುಳ ಹೇಳಿದ್ದು. ಅಲ್ಲಿ ನಾನಿರಲಿಲ್ಲ.

ಆಮೇಲೆ ನನಗೆ ಬಿಡದಿಯಲ್ಲಿ ಕೆಲಸ ಸಿಕ್ಕಿತು. ಹಾರೋಹಳ್ಳಿಗೆ ಹೋಗುವ ಕೊನೆಯ ದಿನ ಗೌರಕ್ಕನ ಗಾಡಿಯಲ್ಲೇ ಹೋಗಬೇಕೆಂದು ಹ್ಯಾಂಡ್‌ಪೋಸ್ಟಿನಲ್ಲಿ ಕಾದೆ. ಗಾಡಿ ಬಂತು, ತುಂಬಿತ್ತು. ಹಿಂದಿನ ಊರಿನಲ್ಲೇ ಯಾರೋ ಹತ್ತಿದ್ದರು.

"ಇವತ್ತೇ ಕೊನೆ ಗೌರಕ್ಕ," ಎಂದೆ. "ನಾಳೆಯಿಂದ ಬಿಡದಿ."

ಹಿಂದೆ ಕೂತವರು ಸರಿದು ಜಾಗ ಮಾಡಿದರು. "ಬಾರೆ, ಹೆಂಗೋ ಆಗ್ತದೆ" ಎಂದಳು ಒಬ್ಬಳು. ಗೌರಕ್ಕ ತಿರುಗಿ ಆ ಜಾಗವನ್ನು ನೋಡಿದಳು, ನನ್ನನ್ನು ನೋಡಿದಳು.

"ಇಲ್ಲ ಕಣಮ್ಮಿ. ನಿಂತಿರು. ಇವ್ರನ್ ಇಳ್ಸಿ ಬತ್ತೀನಿ. ಇವತ್ತು ನೀನೊಬ್ಳೇ, ಮುಂದ್ಗಡೆ ಕೂತ್ಕ."

ಗಾಡಿ ಹೋಯಿತು, ಅದೇ ನಿಧಾನದಲ್ಲಿ. ನಾನು ನಿಂತೆ. ಶಿಫ್ಟಿನ ಹೊತ್ತು ಹತ್ತಿರವಾಯಿತು. ನಿಲ್ಲುವುದೇ ಅಪರೂಪವಾದ ಬಸ್ಸು ಅಂದು ಖಾಲಿಖಾಲಿಯಾಗಿ ಬಂದು ನನ್ನ ಮುಂದೆಯೇ ನಿಂತಿತು. ಕೊನೆಯ ದಿನದ ಸಂಬಳ ಯಾಕೆ ಮುರಿಸಿಕೊಳ್ಳಲಿ ಎಂದು ಹತ್ತಿದೆ. ಗೌರಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸ್ಟಿಯರಿಂಗ್ ಹಿಡಿದಾಗ ಎತ್ತುವುದನ್ನು ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತು. ಬಸ್ಸು ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ಅವಳ ಗಾಡಿ ಸದ್ದಿಲ್ಲದೆ ಹಾದುಹೋಯಿತು. ಕೂಗಿದೆ, ಕೇಳಲಿಲ್ಲ. ಹಿಂದಿನ ಗಾಜಿಗೆ ಓಡಿ ನೋಡಿದೆ. ಹ್ಯಾಂಡ್‌ಪೋಸ್ಟಿನಲ್ಲಿ ಗಾಡಿ ನಿಂತಿತ್ತು. ಗೌರಕ್ಕ ಕೆಳಗಿಳಿದು, ಕೈಯನ್ನು ಹುಬ್ಬಿಗಿಟ್ಟು, ನಮ್ಮೂರಿನಿಂದ ಬರುವ ಕಾಲುದಾರಿಯನ್ನು ನೋಡುತ್ತಿದ್ದಳು. ಬಸ್ಸು ತಿರುವಿಗೆ ಹೊರಳುವವರೆಗೂ ಅಲ್ಲಿಂದ ಕದಲಲಿಲ್ಲ.