ಅರ್ಧರ್ಧ ಪುತಳಿ

'ಇದನ್ನ ನಡುವ ಕತ್ತರಿಸಿ ಕೊಡು ತಮ್ಮಾ' ಎಂದು ಅಕ್ಕತಂಗಿಯರಿಬ್ಬರು ಒಂದು ಚಿನ್ನದ ನಾಣ್ಯವನ್ನು ನನ್ನ ಮುಂದಿಟ್ಟರು. ತೀರಿಹೋದ ಅವರ ತಾಯಿ ಪುತಳಿ ಎಂದು ಕೊರಳಲ್ಲಿ ಹಾಕಿಕೊಂಡಿದ್ದ ನಾಣ್ಯ. ಮೂಡಲಗಿಯ ಬಂಗಾರದ ಅಂಗಡಿಯಲ್ಲಿ ನನ್ನದು ಕತ್ತರಿಸುವ, ಬೆಸೆಯುವ ಕೆಲಸ.

ನಾಣ್ಯದ ಅಂಚು ಸೊಟ್ಟಗಿತ್ತು. ಮೇಲೆ ಗಡ್ಡದ ಮನುಷ್ಯ ನಿಂತಿದ್ದ. ಫೋಟೊ ತೆಗೆದು ಮೊಬೈಲಿನಲ್ಲಿ ಹುಡುಕಿದೆ. ನೂರಾರು ವರ್ಷದ ಹಿಂದೆ ಜರ್ಮನಿ ಕಡೆ ಸುತ್ತಿಗೆಯಿಂದ ಬಡಿದು ಮಾಡಿದ ನಾಣ್ಯದ ಹಾಗೇ ಇತ್ತು.

'ಕತ್ತರಿಸಬ್ಯಾಡ್ರಿ ಅಕ್ಕಾರ, ಇದು ಜರ್ಮನಿದೈತಿ, ಭಾಳ ಹಳೇದು' ಎಂದೆ.

'ಎಲ್ಲಿದರ ಇರಲಿ, ನಮ್ಮವ್ವಂದೈತಿ. ಇಬ್ಬರಿಗೂ ಬೇಕು' ಎಂದಳು ಕುಲಗೋಡಕ್ಕೆ ಕೊಟ್ಟಿದ್ದ ಅಕ್ಕ. ಯಮಕನಮರಡಿಗೆ ಕೊಟ್ಟಿದ್ದ ತಂಗಿ ನಾಣ್ಯವನ್ನೊಮ್ಮೆ ಸವರಿ ನನ್ನ ಕಡೆ ಸರಿಸಿದಳು.

ಕತ್ತರಿಸಿದೆ. ಅಕ್ಕನಿಗೆ ತಲೆ ಬಂತು, ತಂಗಿಗೆ ಕಾಲು. ತಂಗಿ ತನ್ನ ತುಂಡು ನೋಡಿ ಅಳತೊಡಗಿದಳು.

'ನೀನ ಇಟ್ಕೋ ಅನ್ನಾಕಿದ್ನಿ ಅಕ್ಕಾ.'

'ಹುಚ್ಚಿ, ಮೊದಲ ಅನ್ನಾಕ ಏನಾಗಿತ್ತು? ಒಂದ್ ಮಾತು ಕೇಳಿದ್ರ ನಾನ ನಿನಗ ಕೊಡ್ತಿದ್ನಿ.'

ಬೆಸೆದು ಕೊಡಬಹುದಿತ್ತು, ಆದರೆ ನಡುವಿನ ಗೆರೆ ಹೋಗುತ್ತಿರಲಿಲ್ಲ. ಕತ್ತರಿ ಹಿಡಿಯುವ ಮೊದಲು ಅವರಿಗೆ ಒಂದು ಚಾ ತರಿಸಿದ್ದರೆ ಸಾಕಿತ್ತು, ಅಷ್ಟರಲ್ಲಿ ಯಾರಾದರೊಬ್ಬರು ಬಾಯಿ ಬಿಡುತ್ತಿದ್ದರು. ಈಗ ಯಾರು ಏನು ಕತ್ತರಿಸಲು ತಂದರೂ ಮೊದಲು ಚಾ ಹೇಳುತ್ತೇನೆ.